ಮೂಲೆಮನೆಯವರ ತೋಳು

ಅಮ್ಮನ ಹತ್ತಿರ ಎರಡು ಕತ್ತರಿಗಳಿದ್ದವು. ದೊಡ್ಡದು ಮೀರತ್ತಿನದು, ಹಿತ್ತಾಳೆ ಹಿಡಿಯದು, ಬಟ್ಟೆಗೆ ಮಾತ್ರ. ಅದರಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತದೆ. ನಾನು ಹತ್ತಿರ ಸುಳಿದರೆ ಸಾಕು, "ಏಯ್, ಮುಟ್ಬೇಡ ಕಣೇ" ಎಂಬ ಕೂಗು ಹೊಲಿಗೆ ಮಿಷನ್ನಿನ ಸದ್ದನ್ನೂ ದಾಟಿ ಬರುತ್ತಿತ್ತು. ಸಣ್ಣದು ಕಾಗದಕ್ಕೆ, ಅದರ ಒಂದು ಹಿಡಿಗೆ ಬಟ್ಟೆ ಚೂರು ಸುತ್ತಿದೆ. ಈಗ ಅದು ಬೆಂಗಳೂರಿನಲ್ಲಿ, ನನ್ನ ಕಂಪ್ಯೂಟರಿನ ಪಕ್ಕದಲ್ಲಿದೆ. ನಾನು ವೆಬ್‌ಸೈಟ್ ವಿನ್ಯಾಸ ಮಾಡಿ ಹೊಟ್ಟೆ ಹೊರೆಯುವವಳು. ಯಾರಾದರೂ ಕೇಳಿದರೆ ಅಮ್ಮ, "ಅದೇನೋ ಕಂಪ್ಯೂಟರಲ್ಲಿ ಡಬ್ಬಿ ಜೋಡಿಸ್ತಾಳಂತೆ" ಎನ್ನುತ್ತಿದ್ದಳು.

ಅವಳು ಹೇಳಿದ್ದು ಸುಳ್ಳೇನಲ್ಲ. ವೆಬ್ ಪುಟದ ಲೆಕ್ಕದಲ್ಲಿ ಎಲ್ಲವೂ ಡಬ್ಬಿಯೇ. ದುಂಡಗೆ ಕಾಣುವ ಬಟನ್ನು ಕೂಡ ಮೂಲೆ ಉಜ್ಜಿದ ಡಬ್ಬಿ. ಹೋದ ವರ್ಷ ಕೈಮಗ್ಗದ ಸೀರೆ ಮಾರುವವರೊಬ್ಬರ ಪುಟ ಮಾಡುತ್ತಿದ್ದಾಗ ಈ ಡಬ್ಬಿಗಳು ಸಾಕುಸಾಕೆನಿಸಿ, ಕುರ್ಚಿಯಿಂದಿಳಿದು ನೆಲದ ಮೇಲೆ ಕುಳಿತು ಪೇಪರ್ ಹರಿಯತೊಡಗಿದೆ.

ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿದರೆ ಸ್ಕೇಲು ಹಿಡಿದಂತೆ ಬರುತ್ತದೆ. ಅಡ್ಡಕ್ಕೆ ಹರಿದರೆ ತನ್ನಿಷ್ಟ ಬಂದ ಕಡೆ ಹೋಗುತ್ತದೆ. ಕಾಗದ ತಯಾರಾಗುವಾಗ ನಾರುಗಳು ಯಂತ್ರ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗುತ್ತವೆ, ಅದಕ್ಕೆ ಹೀಗೆ. ಇದನ್ನು ನಾನು ಓದಿ ತಿಳಿದದ್ದು. ಅಮ್ಮ ಓದದೆಯೇ ಪ್ರಜಾವಾಣಿಯ ಹಾಳೆಯನ್ನು ಉದ್ದಕ್ಕೆ ಸರ್ರನೆ ಸೀಳಿ ಪಟ್ಟಿ ಮಾಡುತ್ತಿದ್ದಳು. ಬಣ್ಣ ಬಳಿದ ಕಾಗದದ ಆಟ ಬೇರೆ: ನಮ್ಮ ಕಡೆಗೆ ಎಳೆದು ಹರಿದರೆ ಕೈಯಲ್ಲುಳಿದ ಚೂರಿಗೆ ಬಿಳಿ ಅಂಚು ಬರುತ್ತದೆ. ಆ ಬಿಳಿ ಅಂಚನ್ನು ಪರದೆಯ ಮೇಲೆ ಹುಟ್ಟಿಸುವುದಕ್ಕೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರ ಕಾಲದಲ್ಲಿ, ಹರಿದ ಅಂಚಿನ ಪಿಎನ್‌ಜಿ ಚಿತ್ರ ಹಾಕಿದರೆ ಪಾರದರ್ಶಕವಾಗಿರಬೇಕಾದ ಜಾಗದಲ್ಲಿ ಬೂದುಬಣ್ಣ ಬಂದು ಕೂರುತ್ತಿತ್ತು. ಈಗ ಕ್ಲಿಪ್-ಪಾತ್ ಎಂಬುದಿದೆ. ಎಡದಿಂದ ಶೇ. 12, ಮೇಲಿನಿಂದ ಶೇ. 40 ಎಂದು ಒಂದೊಂದೇ ಬಿಂದು ಹೇಳಿದರೆ ಡಬ್ಬಿ ಆ ಆಕಾರಕ್ಕೆ ಕತ್ತರಿಸಿಕೊಳ್ಳುತ್ತದೆ, ಅಮ್ಮ ಟೇಪು ಹಿಡಿದು ಅಳತೆ ಕೂಗಿದ್ದನ್ನು ನಾನು ಬರೆದುಕೊಳ್ಳುತ್ತಿದ್ದಂತೆಯೇ. ತೊಂದರೆ ಏನೆಂದರೆ ಆಕಾರದ ಜೊತೆಗೆ ಅದರ ನೆರಳೂ ಕತ್ತರಿಸಿಹೋಗುತ್ತದೆ. ನೆರಳು ಬೇಕಿದ್ದರೆ ಅದನ್ನು ಹೊರಗೆ ಸುತ್ತುವರಿದಿರುವ ಇನ್ನೊಂದು ಡಬ್ಬಿಗೆ ಕೊಡಬೇಕು. ನಮ್ಮವರು ಆ ಹೊರ ಡಬ್ಬಿಯನ್ನು ಪೇರೆಂಟ್ ಎನ್ನುತ್ತಾರೆ.

ಹರಿದದ್ದೇನೋ ಹೊಂದಿತು. ಆದರೆ ಕತ್ತರಿಸಿದ ಬಾಗು ಮಾತ್ರ ಎಷ್ಟು ಮಾಡಿದರೂ ಜೀವವಿಲ್ಲದ್ದು. ಆಗಲೇ ಅರಸೀಕೆರೆಯ ಮನೆಯಿಂದ ತಂದು ಅಟ್ಟದ ಮೇಲಿಟ್ಟಿದ್ದ ಗಂಟು ನೆನಪಾದದ್ದು.

ಅದು ಅಮ್ಮನ ಪೇಪರ್ ಕಟಿಂಗ್‌ಗಳ ಗಂಟು. ಮುಂಭಾಗ, ಬೆನ್ನು, ತೋಳು, ಪಟ್ಟಿ ಎಂದು ಒಂದೊಂದು ರವಿಕೆಗೂ ನಾಲ್ಕಾರು ಚೂರು. ಎಲ್ಲಕ್ಕೂ ತೂತು ಮಾಡಿ ದಾರ ಪೋಣಿಸಿ ಮೊಳೆಗೆ ನೇತುಹಾಕಿರುತ್ತಿದ್ದಳು. ಮೇಲೆ ನೀಲಿ ಪೆನ್ಸಿಲ್ಲಿನಲ್ಲಿ ಹೆಸರು. ಹೆಸರೆಂದರೆ ಹೆಸರಲ್ಲ: "ಮೂಲೆಮನೆ", "ನರ್ಸಮ್ಮ", "ಟೀಚರ್ ಸೊಸೆ", "ಹಾಲಿನವ್ರು, ಬಡ್ಡಿ". ಒಬ್ಬರ ಅಳತೆ ಇನ್ನೊಬ್ಬರಿಗೆ ಗೊತ್ತಾಗಬಾರದೆಂಬುದು ಅವಳ ಕಸುಬಿನ ಕಟ್ಟುನಿಟ್ಟು. ಯಾರಾದರೂ ಬಂದರೆ ಗಂಟನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದಳು.

ತೋಳು ಕೂರುವ ಬಗಲಿನ ಬಾಗು ನೋಡಿ. ಬೆನ್ನಿಗಿಂತ ಮುಂಭಾಗದಲ್ಲಿ ತುಸು ಹೆಚ್ಚು ಒಳಕ್ಕೆ ಕೊರೆದಿರುತ್ತದೆ. ಕೈ ಮುಂದಕ್ಕೆ ಚಾಚುತ್ತದಲ್ಲ, ಅದಕ್ಕೆ. ನಾನು ಬಳಸುವ ಯಾವ ಸಾಫ್ಟ್‌ವೇರೂ ತಾನಾಗಿ ಇಂಥ ಬಾಗು ಬರೆಯುವುದಿಲ್ಲ. ಹಿಂದೆ ಕಪ್ಪು ಕಾಗದವಿಟ್ಟು, ಹಿಂಬದಿಯ ಸುದ್ದಿ ಇಣುಕದಂತೆ, ಒಂದೊಂದನ್ನೇ ಸ್ಕ್ಯಾನ್ ಮಾಡಿದೆ. ಸೀರೆಯವರ ಪುಟದ ನೆತ್ತಿಯ ಮೇಲೆ ಈಗ ತೇಲುತ್ತಿರುವ ಕೆಂಪು ಎಲೆಯಂಥ ಆಕಾರ ಮೂಲೆಮನೆಯವರ ತೋಳು. ಅಮ್ಮ ಇದ್ದಿದ್ದರೆ ಬೆನ್ನಿಗೊಂದು ಬೀಳುತ್ತಿತ್ತು. ಸೀರೆಯವರು ಮಾತ್ರ ಮತೀಸ್ ಥರ ಇದೆ ಎಂದು ಹಿಗ್ಗಿದರು.

ಫ್ರೆಂಚ್ ಚಿತ್ರಕಾರ ಮತೀಸ್ 1941ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾದ ಮೇಲೆ ಹೆಚ್ಚು ಹೊತ್ತು ನಿಂತು ಚಿತ್ರ ಬರೆಯಲಾಗದೆ ಕತ್ತರಿ ಹಿಡಿದವನು. ಸಹಾಯಕರು ಬಣ್ಣ ಬಳಿದುಕೊಟ್ಟ ಹಾಳೆಗಳನ್ನು ಕತ್ತರಿಸುತ್ತಿದ್ದ; 1947ರಲ್ಲಿ 'ಜಾಝ್' ಪುಸ್ತಕವಾಗಿ ಬಂದದ್ದು ಇದರ ಫಲವೇ. ನನಗೆ ಅದಕ್ಕಿಂತ ಇಷ್ಟವಾದದ್ದು ಅವನ ಗುಂಡುಪಿನ್ನುಗಳು. ಚೂರುಗಳನ್ನು ಗೋಡೆಗೆ ಪಿನ್ನು ಚುಚ್ಚಿ ನಿಲ್ಲಿಸಿ, ಒಪ್ಪಿಗೆಯಾಗುವವರೆಗೆ ಅಲ್ಲಿಂದಿಲ್ಲಿಗೆ ಸರಿಸುತ್ತಿದ್ದರಂತೆ. ಆ ಸಣ್ಣ ತೂತುಗಳು ಕಾಗದದಲ್ಲಿ ಇಂದಿಗೂ ಉಳಿದಿವೆ.

ಅಮ್ಮನ ಕಾಗದಗಳಲ್ಲೂ ತೂತುಗಳಿವೆ. ಊರಿನ ಹೆಂಗಸರ ಮೈ ಬದಲಾದಂತೆ ಅವಳು ಹೊಸ ಕಾಗದ ಕತ್ತರಿಸುತ್ತಿರಲಿಲ್ಲ. ದಪ್ಪಗಾದರೆ ಒಂದು ಪಟ್ಟಿ ಅಂಟಿಸುವುದು, ಸಣ್ಣಗಾದರೆ ಮಡಿಸಿ ಪಿನ್ನು ಚುಚ್ಚುವುದು. ಟೀಚರ ಸೊಸೆಗೆ ಎರಡು ಹೆರಿಗೆ, ಎರಡು ಪಟ್ಟಿ.

ಗಂಟಿನ ತಳದಲ್ಲಿ "ನಂದು" ಎಂದು ಬರೆದದ್ದಿತ್ತು. ಬೆನ್ನಿನ ಭಾಗದಲ್ಲಿ ಮೂರು ಮಡಿಕೆ, ಮೂರು ಪಿನ್ನು. ಪಕ್ಕದಲ್ಲಿ ಅದೇ ನೀಲಿ ಅಕ್ಷರ: ಯುಗಾದಿ, ಅರ್ಧ ಇಂಚು. ಗೌರಿ ಹಬ್ಬ, ಅರ್ಧ ಇಂಚು. ದೀಪಾವಳಿ, ಮುಕ್ಕಾಲು. ಡಾಕ್ಟರು ನಮಗೆ ಕಾಯಿಲೆಯ ಹೆಸರು ಹೇಳಿದ್ದು ದೀಪಾವಳಿ ಕಳೆದ ಮೇಲೆ. ಆ ವರ್ಷವೆಲ್ಲ ಫೋನಿನಲ್ಲಿ ಅವಳು ನನಗೆ ಹೇಳಿದ್ದು ಒಂದೇ: "ನಂಗೇನಾಗಿದೆ ಕಣೇ, ಗುಂಡುಕಲ್ಲಿನ ಹಾಗಿದೀನಿ. ನೀನು ಊಟ ಮಾಡ್ದ್ಯಾ?"

ಪಿನ್ನುಗಳಿಗೆ ತುಕ್ಕು ಹಿಡಿದಿದೆ. ಅವನ್ನು ತೆಗೆದರೆ ಮಡಿಕೆ ಬಿಚ್ಚಿಕೊಂಡು ಹಳೆಯ ಅಳತೆ ಬಂದುಬಿಡುತ್ತದೆ. ತೆಗೆದಿಲ್ಲ. ಹಾಗೇ ಇಟ್ಟರೆ ಗಾಜಿಗೆ ಗೀರು ಬೀಳುತ್ತದೆಂದು ಸ್ಕ್ಯಾನರಿಗೂ ಹಾಕಿಲ್ಲ.