ಮಾವನ ಬೋರ್‌ವೆಲ್ಲು ಮತ್ತು ಗೆಳತಿಯ ಪಿಎಚ್‌ಡಿ

ಮೊನ್ನೆ ಭಾನುವಾರ ನನ್ನ ಇಂಜಿನಿಯರಿಂಗ್ ಕ್ಲಾಸ್‌ಮೇಟ್ ಒಬ್ಬಳನ್ನು ವರ್ತೂರಿನ ಆಚೆ ಇರೋ ಸೋದರಮಾವನ ತೋಟಕ್ಕೆ ಕರೆದುಕೊಂಡು ಹೋಗಿದ್ದೆ. ಏನೇನೋ ಊಹಿಸಿಕೊಳ್ಳಬೇಡಿ :-) ಅವಳಿಗೆ ಬೇಕಾಗಿದ್ದದ್ದು ಮಾವನ ಬೋರ್‌ವೆಲ್ಲು.

ಇವಳು ವೈಟ್‌ಫೀಲ್ಡಿನಲ್ಲಿ ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಟೆಸ್ಟಿಂಗ್ ಕೆಲಸದಲ್ಲಿದ್ದವಳು. ಎರಡೇ ವರ್ಷಕ್ಕೆ ಬಿಟ್ಟು ಮೂರು ವರ್ಷದ ಎಲ್‌ಎಲ್‌ಬಿ ಸೇರಿದಳು. ಆಮೇಲೆ ಒಂದು ವರ್ಷದ ಎಲ್‌ಎಲ್‌ಎಂ, ನೆಟ್ ಪರೀಕ್ಷೆ. ಈಗ ಒಂದು ಲಾ ಕಾಲೇಜಿನಲ್ಲಿ ಪರಿಸರ ಕಾನೂನು ಪಾಠ ಮಾಡ್ತಾಳೆ, ಜೊತೆಗೆ ಅಂತರ್ಜಲದ ಕಾನೂನಿನ ಮೇಲೆ ಪಿಎಚ್‌ಡಿ. ಸಂಬಳ ಹಳೇದರ ಅರ್ಧಕ್ಕೂ ಕಡಿಮೆ. ಅವರಮ್ಮನ ಸಂಕಟ ಬೇರೆ: "ಲಾ ಓದಿದೋಳು ಕರಿ ಕೋಟು ಹಾಕ್ಕೊಂಡು ಕೋರ್ಟಿಗಾದ್ರೂ ಹೋಗಬಾರದಾ?" ನಾವು ಗೆಳೆಯರೂ ಕಡಿಮೆ ಆಡಿಕೊಂಡಿಲ್ಲ. ನೀರಿಗೆ ಎಂಥ ಕಾನೂನು, ನಲ್ಲಿ ತಿರುಗಿಸಿದರೆ ಬರಬೇಕು ಅಷ್ಟೇ, ಅಂತ.

2024ರ ಮಾರ್ಚಿನಲ್ಲಿ ನಲ್ಲಿ ತಿರುಗಿಸಿದರೆ ಗಾಳಿ ಬಂತು. ನಿಮಗೂ ನೆನಪಿರಬೇಕು. ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಅಂತ ದರ ಕಟ್ಟಿತು. ಆ ದರಕ್ಕೆ ನಮ್ಮ ಅಪಾರ್ಟ್‌ಮೆಂಟಿಗೆ ಯಾರೂ ಬರಲಿಲ್ಲ. ಕೊನೆಗೆ ನಾನೇ ಮಾವನಿಗೆ ಫೋನ್ ಮಾಡಿದೆ. ಮೂರು ರಾತ್ರಿ ಟ್ಯಾಂಕರ್ ಬಂತು. ವಾಟ್ಸಾಪ್ ಗುಂಪಿನಲ್ಲಿ ನನಗೆ ಸಿಕ್ಕ ಚಪ್ಪಾಳೆ ಆಫೀಸಿನಲ್ಲಿ ಯಾವ ರಿಲೀಸಿಗೂ ಸಿಕ್ಕಿಲ್ಲ!

ಇವಳು ತೋಟದಲ್ಲಿ ನೋಟ್‌ಬುಕ್ ತೆಗೆದ ಕೂಡಲೇ ಮಾವನ ಮುಖ ಬಿಗಿಯಿತು. "ಏನಮ್ಮಾ, ನನ್ ಜಮೀನು, ನನ್ ಬೋರು, ನನ್ ನೀರು. ಮಧ್ಯ ನಿಮ್ ಕಾನೂನು ಏನು?" (ಕರೆಂಟು ನನ್ದು ಅಂತ ಮಾತ್ರ ಹೇಳಲಿಲ್ಲ. ಪಂಪ್‌ಸೆಟ್ಟಿಗೆ 10 ಎಚ್‌ಪಿವರೆಗೆ ಸರ್ಕಾರದ್ದೇ ಪುಕ್ಕಟೆ ಕರೆಂಟು ತಾನೆ.)

ಜಗಳ ಆಗುತ್ತೆ ಅಂದುಕೊಂಡೆ. ಅವಳು ನಕ್ಕಳು. "ನೀವು ಹೇಳೋದು ಕಾನೂನಿನಲ್ಲೂ ಹಂಗೇ ಇದೆ ಅಂಕಲ್."

1882ರ ಈಸ್‌ಮೆಂಟ್ಸ್ ಆಕ್ಟಿನ ಏಳನೇ ಸೆಕ್ಷನ್ನಿನಲ್ಲಿ ಒಂದು ಉದಾಹರಣೆ ಇದೆಯಂತೆ. ನೆಲದಡಿಯಲ್ಲಿ ಇಂಥದೇ ಕಾಲುವೆ ಅಂತ ಗೊತ್ತಿಲ್ಲದೆ ಹರಿಯೋ ನೀರನ್ನು ಜಮೀನಿನ ಒಡೆಯ ತನ್ನ ಗಡಿಯೊಳಗೆ ಎತ್ತಿಕೊಳ್ಳಬಹುದು. ಬರೆದಾಗ ಇದ್ದದ್ದು ಕಪಿಲೆ ಬಾವಿ. ಎತ್ತು ಎಷ್ಟು ಎಳೆದೀತು? ಈಗ ಅದೇ ಮಾತಿನ ಕೆಳಗೆ ಮಾವ 1,200 ಅಡಿ ಕೊರೆಸಿದ್ದಾರೆ. ಬಂಡೆಯ ಬಿರುಕಿಗೆ ಸರ್ವೆ ನಂಬರ್ ಗೊತ್ತಿಲ್ಲವಲ್ಲ, ಪಕ್ಕದ ತೋಟದ ನೀರೂ ಈ ಕಡೆಗೇ ಬರುತ್ತೆ. 2011ರಲ್ಲಿ ಕರ್ನಾಟಕದ ಅಂತರ್ಜಲ ಕಾಯ್ದೆ ಬಂತು. ಘೋಷಿತ ಪ್ರದೇಶದಲ್ಲಿ ಬೋರು ಕೊರೆಸೋಕೆ ಅನುಮತಿ ಬೇಕು ಅಂತಾಯಿತು. ಆದರೆ ಕೆಳಗಿರೋ ನೀರು ಯಾರದು ಅನ್ನೋ ಪ್ರಶ್ನೆ ಹಾಗೇ ಉಳೀತು ಅಂತ ಇವಳ ವಾದ.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ. ಇದನ್ನೆಲ್ಲ ಬರೆದು ಯಾರು ಓದ್ತಾರೆ?

ಅವಳು ಜೋಸೆಫ್ ಸ್ಯಾಕ್ಸ್ ಅನ್ನೋ ಅಮೆರಿಕದ ಪ್ರೊಫೆಸರ್ ಕತೆ ಹೇಳಿದಳು. ಆತ 1970ರಲ್ಲಿ ಮಿಷಿಗನ್ ಲಾ ರಿವ್ಯೂನಲ್ಲಿ ಒಂದು ಲೇಖನ ಬರೆದ. ನದಿ, ಕೆರೆ, ಕಡಲತೀರ ಸರ್ಕಾರದ ಸ್ವತ್ತಲ್ಲ, ಜನರ ಪರವಾಗಿ ಅದು ಕಾಪಾಡಬೇಕಾದ ನಿಧಿ, ಅಂತ. 26 ವರ್ಷ ಆದಮೇಲೆ, 1996ರ ಡಿಸೆಂಬರಿನಲ್ಲಿ, ಮನಾಲಿ ಹತ್ತಿರ ಬಿಯಾಸ್ ನದಿ ತಿರುಗಿಸಿದ ಮೋಟೆಲಿನ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಆ ಲೇಖನವನ್ನೇ ಹಿಡಿದು ತೀರ್ಪು ಕೊಟ್ಟಿತು. 2003ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಪ್ಲಾಚಿಮಡದ ಕೋಕಾ ಕೋಲಾ ಕೇಸಿನಲ್ಲಿ ಅದೇ ಮಾತನ್ನು ಅಂತರ್ಜಲಕ್ಕೂ ಅನ್ವಯಿಸಿತು. 2005ರಲ್ಲಿ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ಮತ್ತೆ ಜಮೀನಿನ ಒಡೆಯನ ಹಕ್ಕು.

"ಅಲ್ಲಿಗೆ ಸೋತ ಹಾಗಾಯ್ತಲ್ಲ?"

"ಮುಂದಿನ ಜಡ್ಜ್‌ಗೆ ಹಿಡ್ಕೊಳ್ಳೋಕೆ ಏನಾದ್ರೂ ಬರೆದಿಟ್ಟಿರಬೇಕಲ್ವಾ?" ಅಂದಳು. ನಾನು ಬರೆದ ಕೋಡ್ ಎರಡು ವರ್ಷ ಬಾಳಿದರೆ ಹೆಚ್ಚು. ಸುಮ್ಮನಾದೆ.

ಮಾವನ ಪಕ್ಕದ ತೋಟದವರ ಬೋರು 600 ಅಡಿಯದು. ಮಾವನ ಹೊಸ ಬೋರಿನ ಮರುವರ್ಷ ಬತ್ತಿತು. ಹಿಪ್ಪುನೇರಳೆ ಕಿತ್ತರು, ಹಸು ಮಾರಿದರು. ಮಾವನಿಗೂ ಅವರಿಗೂ ಈಗ ಮಾತಿಲ್ಲ. ಚಿಕ್ಕವನಿದ್ದಾಗ ನಾನು ಆ ಮನೆಯಲ್ಲೇ ಹಾಲು ಕುಡಿದು ಬೆಳೆದವನು. ಇದನ್ನು ಇವಳಿಗೆ ಹೇಳಬೇಕೋ ಬೇಡವೋ ಅಂತ ವರ್ತೂರು ಕೆರೆ ಬರೋವರೆಗೂ ಒದ್ದಾಡಿದೆ. ಹೇಳಿದೆ. ಟ್ಯಾಂಕರ್ ತರಿಸಿದ್ದು ನಾನೇ ಅನ್ನೋದನ್ನೂ ಹೇಳಿದೆ.

ಅವಳು ಬೈಯಲಿಲ್ಲ. ನೋಟ್‌ಬುಕ್ ತೆಗೆದಳು.

"ಹೆಸರು ಹಾಕಬೇಡ ಮಾರಾಯ್ತಿ."

"ನಿಂದೂ ಇರಲ್ಲ, ಮಾವಂದೂ ಇರಲ್ಲ. ಎಷ್ಟು ಲೀಟರ್ ಹೇಳು."

12,000, ಮೂರು ರಾತ್ರಿ. 36,000 ಅಂದೆ. ಬರೆದುಕೊಂಡಳು.