ಆಪ್ಷನ್ ಎಂಟ್ರಿಯ ಮಧ್ಯಾಹ್ನ

ಬಾಗಿಲಲ್ಲಿನ ಚಪ್ಪಲಿ ರಾಶಿ ದಾಟಿ ಒಳಗೆ ಬನ್ನಿ. ಕಲಬುರಗಿಯ ಈ ಶಾದಿಮಹಲಿನಲ್ಲಿ ಇವತ್ತು ಮದುವೆ ಇಲ್ಲ. ಊಟದ ಮೇಜುಗಳ ಮೇಲೆ ಲ್ಯಾಪ್‌ಟಾಪು, ಜೆರಾಕ್ಸ್ ಕಟ್ಟುಗಳು. ವೈದ್ಯಕೀಯ ಪ್ರವೇಶದ ನೀಟ್ ಫಲಿತಾಂಶ ಬಂದಾಯಿತು, ಕಾಗದಪತ್ರಗಳ ಪರಿಶೀಲನೆಯೂ ಮುಗಿಯಿತು. ಇನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಜಾಲತಾಣದಲ್ಲಿ ಕಾಲೇಜುಗಳನ್ನು ಆದ್ಯತೆಯಂತೆ ಸಾಲಾಗಿ ನಮೂದಿಸಬೇಕು. ಫೈಲು ಎದೆಗವುಚಿಕೊಂಡು ಕುಳಿತ ಹುಡುಗಿಯರ ಪಕ್ಕದಲ್ಲಿ ಅಪ್ಪಂದಿರಿದ್ದಾರೆ: ಟೇಲರು, ಆಟೊ ಚಾಲಕ, ಗ್ಯಾರೇಜಿನವರು. ಮನೆಯಲ್ಲಿ ಹಿಂದೆ ಯಾರೂ ಈ ದಾರಿ ತುಳಿದಿಲ್ಲ.

ಮೂಲೆಯ ಮೇಜಿನ ಹತ್ತಿರ ನಿಲ್ಲಿ. ಅಲ್ಲಿ ಕುಳಿತಿರುವವಳು ಎಂಬಿಬಿಎಸ್ ಮೂರನೇ ವರ್ಷದ ಹುಡುಗಿ. ಎಲ್ಲರ ಬಾಯಲ್ಲೂ ಆಪಾ, ಅಂದರೆ ಅಕ್ಕ. ಎದುರಿಗೆ ಟೇಲರಪ್ಪ, ಅವರ ಮಗಳು. ಅಪ್ಪನ ಕಿವಿಯ ಮೇಲೆ ಸೀಮೆಸುಣ್ಣದ ಚೂರು ಹಾಗೇ ಇದೆ.

“ಊರಾಗಿನ ಪ್ರೈವೇಟ್ ಕಾಲೇಜ್ ಮೊದಲ ಹಾಕ್ರಿ. ಮನಿ ಹತ್ರ ಆಗ್ತದ.”

ಆಪಾ ಫೀಸಿನ ಪಟ್ಟಿ ಅವರತ್ತ ತಿರುಗಿಸುತ್ತಾಳೆ. ಅಂಕಿಯ ಮೇಲೆ ಬೆರಳಿಟ್ಟ ಅಪ್ಪ ಸೊನ್ನೆಗಳನ್ನು ಎಣಿಸುತ್ತಾರೆ. ಮತ್ತೊಮ್ಮೆ ಎಣಿಸುತ್ತಾರೆ.

“ಚಾಚಾ, ಕಂಪ್ಯೂಟರ್ ಮ್ಯಾಲಿಂದ ಕೆಳಗ ಬರ್ತದ. ರ‍್ಯಾಂಕಿಗೆ ಎಲ್ಲಿ ಸೀಟ್ ಸಿಗ್ತದೋ ಅಲ್ಲೇ ನಿಲ್ತದ. ಕೆಳಗಿಂದು ನೋಡೂದೇ ಇಲ್ಲ. ಅದಕ್ಕ ಫೀಸ್ ಕಡಿಮಿ ಇರೋ ಸರಕಾರಿ ಕಾಲೇಜು, ಇಲ್ಲಿಯ ಜಿಮ್ಸ್, ಬೀದರಿನ ಬ್ರಿಮ್ಸ್, ರಾಯಚೂರಿನ ರಿಮ್ಸ್ ಮೊದಲ ಇರಲಿ.”

ಮಗಳು ಟೈಪು ಮಾಡುತ್ತಾಳೆ. ಇವಳ ಕೈಯಲ್ಲಿ ರ‍್ಯಾಂಕಿನ ಜೊತೆ ಎರಡು ಆಸರೆಗಳಿವೆ. ಒಂದು ಮುಸ್ಲಿಮರಿಗಿರುವ ಪ್ರವರ್ಗ 2ಬಿಯ ಶೇ. 4 ಮೀಸಲಾತಿ, ಇನ್ನೊಂದು ಸಂವಿಧಾನದ 371(ಜೆ) ವಿಧಿ: ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟು ಇಲ್ಲಿನವರಿಗೇ. ಆದರೆ ಪಟ್ಟಿಯ ಸಾಲು ಹಿಂದುಮುಂದಾದರೆ ಇವೆರಡಿದ್ದೂ ಕೈಗೆಟುಕದ ಫೀಸಿನ ಮುಂದೆ ನಿಲ್ಲಬೇಕಾಗುತ್ತದೆ. ವೈದ್ಯರ ಮನೆಯ ಮಕ್ಕಳು ಇದನ್ನೆಲ್ಲ ಊಟದ ಹೊತ್ತಿನಲ್ಲೇ ಕೇಳಿ ಕಲಿತಿರುತ್ತಾರೆ. ಇವಳಿಗೆ ಹೇಳಲು ಆಪಾ ಬೇಕು.

“ಅಣಕು ಹಂಚಿಕೆ ಬಂದ ಮ್ಯಾಲ ಸಾಲು ಬದಲಿ ಮಾಡ್ಲಿಕ್ಕೆ ಬರ್ತದ. ಪಾಸ್‌ವರ್ಡ್ ಮಾತ್ರ ಸೈಬರ್ ಸೆಂಟರಿನವರಿಗೆ ಕೊಡಬ್ಯಾಡ.”

“ಮತ್ತ ರೊಕ್ಕ?” ಅಪ್ಪ ಮೆಲ್ಲಗೆ ಕೇಳುತ್ತಾರೆ.

ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲಕ್ಕೆ ಬೇಕಾದ ದಾಖಲೆಗಳನ್ನು ಆಪಾ ಹಾಳೆಯ ಹಿಂದೆ ಬರೆದುಕೊಡುತ್ತಾಳೆ. ಬಡ್ಡಿಯ ಬದಲು ಶೇ. 2 ಸೇವಾಶುಲ್ಕ ಎಂದದ್ದನ್ನು ಅಪ್ಪ ಇನ್ನೊಮ್ಮೆ ಹೇಳಿಸಿಕೊಳ್ಳುತ್ತಾರೆ.

ಮುಂದಿನ ಕುರ್ಚಿಗೆ ಪಿಯುಸಿ ಎರಡನೇ ವರ್ಷದ ಹುಡುಗಿ. ಪರೀಕ್ಷೆ ಇನ್ನೂ ಬರುವ ವರ್ಷ. ಯಾವ ಪುಸ್ತಕ ಓದಲಿ ಎಂದು ಕೇಳಲು ಬಂದಿದ್ದಾಳೆ.

“ಪುಸ್ತಕ ಆಮೇಲ. 371(ಜೆ) ಸರ್ಟಿಫಿಕೇಟ್ ಅದನು?”

ಇಲ್ಲ.

“ಹಂಗಾರ ಸೋಮವಾರ ಎಸಿ ಆಫೀಸಿಗೆ ಅರ್ಜಿ ಹಾಕು. ರಿಸಲ್ಟ್ ಬಂದ ಮ್ಯಾಲ ಹೋದ್ರ ಅಲ್ಲಿ ಊರಿಗೂರೇ ನಿಂತಿರ್ತದ.”