ತಲೆಯ ಮೇಲಿನ ಬೂಟು

ಬೆಳಗಿನ ಜಾವ ಐದಕ್ಕೆ ತಲೆಯ ಮೇಲೆ ಕವಾಯತು ಶುರುವಾದರೆ ಯಾರಿಗೂ ದೇಶಭಕ್ತಿ ಉಕ್ಕುವುದಿಲ್ಲ. ಮೇಲಿನ ಮನೆಯ ಹುಡುಗ ಸೈನ್ಯದವನು, ರಜೆಗೆ ಬಂದಿದ್ದಾನೆ. ವಿಶ್ವಸಂಸ್ಥೆಯ ಶಾಂತಿಪಡೆಯ ಜೊತೆ ಯಾವುದೋ ಮರಳು ಸೀಮೆಗೆ ಹೊರಟವನು. ಹೊರಗೆ ಅಂಬರನಾಥದ ಆಷಾಢದ ಮಳೆ ಧೋ ಎನ್ನುತ್ತಿದೆ. ಒಳಗೆ ಹಾಲಿನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲಿಗೆ ಟಪ್ ಟಪ್ ಬೂಟುಗಾಲು. ಮೆಟ್ಟಿಲಲ್ಲಿ ಸಿಕ್ಕ ಅವನ ತಾಯಿಯನ್ನು ಕೇಳಿಯೇ ಬಿಟ್ಟೆ. ವಿಜಯಪುರದ ಕಡೆಯವರು, ಮಾತು ನೇರ.

"ಹೊಸಾ ಬೂಟ್ ರೀ ಅಣ್ಣಾರ. ಇಲ್ಲೇ ಪಳಗಿಸ್ಕೊಂಡು ಹೋಗ್ಬೇಕಂತ. ಅಲ್ಲಿ ಉಸುಕಿನ್ಯಾಗ ಕಾಲಿಗೆ ಗುಳ್ಳಿ ಎದ್ರ ಯಾರ್ ನೋಡ್ತಾರ?"

ಇದಕ್ಕೆ ಏನು ಉತ್ತರ ಕೊಡುವುದು? ಚುಚ್ಚುಮದ್ದು, ಕಾಗದಪತ್ರ, ಮನೆಯವರ ಕಣ್ಣೀರು, ದೂರ ಹೊರಟವರ ಉಳಿದ ತಯಾರಿ ಎಲ್ಲರಿಗೂ ಗೊತ್ತಿದ್ದದ್ದೇ, ಬಿಡಿ. ಆದರೆ ಬೂಟನ್ನು ಮನೆಯಲ್ಲಿ ಪಳಗಿಸಬಹುದು. ಕುದುರೆಯನ್ನು ಹಡಗಿಗೆ ಎಲ್ಲಿ ಪಳಗಿಸುತ್ತೀರಿ?

ಮೊದಲ ಮಹಾಯುದ್ಧಕ್ಕೆಂದು 1914ರಲ್ಲಿ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಬೆಂಗಳೂರು ಬಿಟ್ಟು, ಮುಂಬಯಿಯಲ್ಲಿ ಹಡಗು ಹತ್ತಿ ಈಜಿಪ್ಟಿಗೆ ಹೋಯಿತು. ಆಗ ಭೋರ್ ಘಾಟು ಇಳಿದ ರೈಲಿಗೆ ಅಂಬರನಾಥ ದಾಟದೆ ಮುಂಬಯಿ ಸಿಗುತ್ತಿರಲಿಲ್ಲ. ಆ ಕುದುರೆಗಳು ನಮ್ಮೂರ ಗಾಳಿಯನ್ನು ಮೂಸಿಯೇ ಹೋಗಿರಬೇಕು ಎಂದು ನಾನು ನಂಬಿಕೊಂಡಿದ್ದೇನೆ. ಚರಿತ್ರೆ ಬರೆಯುವವರಿಗೆ 1918ರ ಸೆಪ್ಟೆಂಬರ್ 23 ಒಂದೇ ದಿನ ಸಾಕು. ಜೋಧಪುರದವರ ಜೊತೆ ನುಗ್ಗಿದರು, ಈಟಿ ಹಿಡಿದು ಮಷಿನ್ ಗನ್ನಿಗೆ ಎದೆ ಕೊಟ್ಟರು, ಪ್ಯಾಲೆಸ್ಟೈನಿನ ಹೈಫಾ ಗೆದ್ದರು. ಸರಿ ಸ್ವಾಮಿ, ಅದಕ್ಕೆ ಮುಂಚಿನ ನಾಲ್ಕು ವರ್ಷ? ಸೂಯೆಜ್ ಕಾಲುವೆಯ ಕಾವಲು, ಜೋರ್ಡಾನ್ ಕಣಿವೆಯ ಸೆಕೆ. ಗೊರಸು ಎತ್ತಿ ಕಲ್ಲು ಕೀಳುವುದು, ಜೀನು ಒತ್ತಿದ ಕಡೆ ಹುಣ್ಣಾಗಿದೆಯೇ ಎಂದು ಬೆರಳಾಡಿಸಿ ನೋಡುವುದು, ಕುದುರೆಗೆ ನೀರು ಕುಡಿಸಿ ಆಮೇಲೆ ತಾನು ಕುಡಿಯುವುದು. ಸವಾರನಿಗೆ ಯುದ್ಧ ಯಾವಾಗಲೋ ಒಮ್ಮೆ, ಲದ್ದಿ ದಿನಾಲೂ. ಇನ್ನು ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹಡಗಿನ ಹೊಯ್ದಾಟವನ್ನೆಲ್ಲ ಹೊಟ್ಟೆಯಲ್ಲೇ ಇಟ್ಟುಕೊಳ್ಳಬೇಕು. ಬಿಸಿಲಲ್ಲಿ ದುಡಿಯುವ ಕುದುರೆ ದಿನಕ್ಕೆ 40 ಲೀಟರ್ ನೀರು ಕುಡಿದೀತು. ನಮ್ಮ ಬಿಲ್ಡಿಂಗಿನಲ್ಲಿ ಅದರ ಅರ್ಧಕ್ಕೇ ಜಗಳ ಹತ್ತುತ್ತದೆ.

ದಿಲ್ಲಿಯ ತೀನ್ ಮೂರ್ತಿಯನ್ನು ನೋಡಿ ಬಂದವರನ್ನು ಕೇಳಿ. ಮೈಸೂರು, ಜೋಧಪುರ, ಹೈದರಾಬಾದು, ಮೂರೂ ಲ್ಯಾನ್ಸರ್ಸ್ ದಳಗಳ ಪರವಾಗಿ ಮೂವರು ಕಂಚಿನ ಸೈನಿಕರು. ಮೂವರೂ ನೆಲದ ಮೇಲೆ ನಿಂತಿದ್ದಾರೆ. ಅಶ್ವದಳದ ಸ್ಮಾರಕ, ಹುಡುಕಿದರೂ ಒಂದು ಬಾಲ ಕಾಣದು!

ಕುದುರೆ ಎಂದರೆ ನನಗೆ ಹುರುಳಿಯ ನೆನಪು. ನಮ್ಮ ಹುಟ್ಟೂರ ಸೀಮೆಯಲ್ಲಿ ಕುದುರೆಗೆ ಹುರುಳಿ ಹಾಕುತ್ತಿದ್ದರು. ಎತ್ತಿಗೂ ಅದೇ. ಅಜ್ಜಿ ದೊಡ್ಡ ಮಡಕೆಯಲ್ಲಿ ಹುರುಳಿ ಬೇಯಿಸುವಳು. ಬೆಂದ ಕಾಳು ಕೊಟ್ಟಿಗೆಗೆ, ಬಸಿದ ಕಟ್ಟು ನಮಗೆ. ಆ ಕಟ್ಟಿನ ಸಾರು ಮೂರನೇ ದಿನಕ್ಕೆ ಕುದ್ದು ಕುದ್ದು ಕಪ್ಪಾಗಿ, ಮುದ್ದೆಯನ್ನು ತಾನೇ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಇಲ್ಲಿನ ಕೊಂಕಣದವರು ಹುರುಳಿಯನ್ನು ಹಿಟ್ಟು ಮಾಡಿಸಿ, ಬೆಳ್ಳುಳ್ಳಿ ಒಗ್ಗರಣೆ, ಕೋಕಂ ಹಾಕಿ ಪಿಠಲೆ ತಿರುವುತ್ತಾರೆ. ರುಚಿಯೇನೋ ಚೆನ್ನಾಗಿದೆ, ಸುಳ್ಳು ಹೇಳಬಾರದು. ಆದರೆ ಕಾಳನ್ನು ಬೀಸಿಬಿಟ್ಟ ಮೇಲೆ ಕಟ್ಟು ಬಸಿಯುವುದು ಎಲ್ಲಿಂದ? ಮಳೆ ಹೊಳವಾದರೆ ಕಲ್ಯಾಣದ ಮಾರ್ಕೆಟ್ಟಿಗೆ ಹೋಗಿ ಎರಡು ಕಿಲೋ ಇಡೀ ಕಾಳು ತರಬೇಕು.